ಲಿವರ್ ಮರುಬೆಳವಣಿಗೆ: ನಡುವೆ ಸೋಂಕು ಬಂದರೆ?

ಲಿವರ್ ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ ಅಂತ ಕೇಳಿರುತ್ತೀರಿ. ನಿಜ. ಆದರೆ ಕತ್ತರಿಸಿ ತೆಗೆದ ಭಾಗ ಮತ್ತೆ ಚಿಗುರುವುದಿಲ್ಲ, ಉಳಿದ ಭಾಗವೇ ದೊಡ್ಡದಾಗುತ್ತದೆ. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ಇಬ್ಬರು ಇಲಿಗಳ ಲಿವರ್‌ನಲ್ಲಿ ಮೂರರಲ್ಲಿ ಎರಡು ಪಾಲು ತೆಗೆದು ನೋಡಿದ್ದರು. ಇಲಿಗೆ ಹಳೇ ತೂಕ ಬರಲು ವಾರ, ಹತ್ತು ದಿನ ಸಾಕು. ನಮಗೆ ಕೆಲವು ತಿಂಗಳು ಬೇಕು.

ಈ ಬೆಳವಣಿಗೆ ಶುರುವಾಗುವುದೇ ಸಣ್ಣ ಉರಿಯೂತದಿಂದ. ಕರುಳಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ನೇರ ಲಿವರ್‌ಗೆ ಬರುತ್ತದೆ, ಜೊತೆಗೆ ಬ್ಯಾಕ್ಟೀರಿಯಾದ ಚೂರುಪಾರು ಅಂಶಗಳನ್ನೂ ತರುತ್ತದೆ. ಅಲ್ಲಿ ಕಾವಲಿರುವ ಕುಫ್ಫರ್ ಕೋಶಗಳು ಅದನ್ನು ಗುರುತಿಸಿ ಟಿಎನ್‌ಎಫ್, ಐಎಲ್-6 ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಸುಮ್ನೆ ಕೂತಿದ್ದ ಲಿವರ್ ಕೋಶಗಳು ಆಗ ವಿಭಜನೆಗೆ ಅಣಿಯಾಗುತ್ತವೆ. ಐಎಲ್-6 ಇಲ್ಲದ ಇಲಿಗಳಲ್ಲಿ ಲಿವರ್ ಸರಿಯಾಗಿ ಬೆಳೆಯುವುದಿಲ್ಲ ಎಂದು 1996ರಲ್ಲೇ ಗೊತ್ತಾಗಿತ್ತು.

ಹಾಗಾದರೆ ಸೋಂಕು ಬಂದರೆ ಇನ್ನೂ ಒಳ್ಳೇದೇ ಅಲ್ವಾ? ಇಲ್ಲ. ಚಿಟಿಕೆ ಹೆಪ್ಪು ಹಾಲನ್ನು ಮೊಸರು ಮಾಡುತ್ತದೆ, ಲೋಟಗಟ್ಟಲೆ ಸುರಿದರೆ ಹಾಲು ಕೆಡುತ್ತದೆ. ಕತ್ತರಿಸಿದ ಜಾಗದಿಂದ ಪಿತ್ತರಸ ಸೋರಿ ಹೊಟ್ಟೆಯೊಳಗೆ ನಿಂತು ಕೀವಾಯಿತು ಅನ್ನಿ. ಉರಿಯೂತ ಮಿತಿ ಮೀರುತ್ತದೆ. ಲಿವರ್ ಕೋಶಗಳು ಬೆಳೆಯುವುದು ಬಿಟ್ಟು ಸಿಆರ್‌ಪಿಯಂಥ ತುರ್ತು ಪ್ರೋಟೀನ್ ತಯಾರಿಸುವುದರಲ್ಲಿ ಮುಳುಗುತ್ತವೆ, ಲಿವರ್ ಸದಾ ತಯಾರಿಸುವ ರಕ್ತದ ಮುಖ್ಯ ಪ್ರೋಟೀನ್ ಆಲ್ಬುಮಿನ್ ಇಳಿಯುತ್ತದೆ. ಬಿಪಿ ಬಿದ್ದರೆ ಲಿವರ್‌ಗೆ ರಕ್ತವೂ ಸಾಲದು. ಪಿತ್ತನಾಳದಲ್ಲಿ ಯಾವ ಅಡ್ಡಿಯೂ ಇಲ್ಲದೆ ಕಾಮಾಲೆ ಕಾಣಿಸಿಕೊಳ್ಳಬಹುದು, ಕೋಶಗಳಿಗೆ ಪಿತ್ತವನ್ನು ಹೊರಗೆ ಹಾಕುವ ಶಕ್ತಿಯೇ ಕುಂದಿರುತ್ತದೆ. ಇನ್ನೊಂದು ಕಷ್ಟ ಇದೆ. ಲಿವರ್‌ನ ದೊಡ್ಡ ಭಾಗ ಹೋದಾಗ ಬ್ಯಾಕ್ಟೀರಿಯಾ ಹಿಡಿಯುವ ಕುಫ್ಫರ್ ಕೋಶಗಳೂ ಅದರ ಜೊತೆ ಹೋಗಿರುತ್ತವೆ. ಅಂದರೆ ಸೋಂಕಿಗೆ ದಾರಿ ಸಲೀಸು.

ಸ್ಕ್ಯಾನ್‌ನಲ್ಲಿ ಲಿವರ್ ದೊಡ್ಡದಾಗಿ ಕಂಡ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಅದಕ್ಕೇ ಡಾಕ್ಟರುಗಳು ಆಪರೇಷನ್ ಆದ ಐದನೇ ದಿನದ ರಿಪೋರ್ಟಿನಲ್ಲಿ ಎರಡು ಸಾಲನ್ನು ಮೊದಲು ನೋಡುತ್ತಾರೆ: ಬಿಲಿರುಬಿನ್ (ಲಿವರ್ ಪಿತ್ತದ ಮೂಲಕ ಹೊರಹಾಕುವ ಹಳದಿ ಅಂಶ) ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ). ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹೆಚ್ಚಿನವನ್ನು ಲಿವರೇ ತಯಾರಿಸುತ್ತದೆ. ಕೆಲವಂತೂ ಕೆಲವೇ ಗಂಟೆ ಬಾಳುವಂಥವು. ಹಾಗಾಗಿ ತಯಾರಿ ನಿಂತರೆ ಐಎನ್‌ಆರ್ ಬೇಗ ಏರುತ್ತದೆ. 2005ರಲ್ಲಿ ಫ್ರಾನ್ಸಿನ ವೈದ್ಯರು '50-50' ಎಂಬ ಲೆಕ್ಕ ಕೊಟ್ಟರು. ಐದನೇ ದಿನ ಪ್ರೋಥ್ರಾಂಬಿನ್ (ಐಎನ್‌ಆರ್‌ನಂತೆಯೇ ರಕ್ತ ಹೆಪ್ಪುಗಟ್ಟುವುದರ ಅಳತೆ, ಆದರೆ ಇದು ಕಡಿಮೆಯಾದಷ್ಟೂ ಕೆಟ್ಟದ್ದು) ಶೇ. 50ಕ್ಕಿಂತ ಕಡಿಮೆ, ಬಿಲಿರುಬಿನ್ ಲೀಟರಿಗೆ 50 ಮೈಕ್ರೋಮೋಲ್‌ಗಿಂತ ಜಾಸ್ತಿ ಇದ್ದರೆ ಅಪಾಯ. ನಮ್ಮ ಲ್ಯಾಬ್‌ಗಳ ಲೆಕ್ಕದಲ್ಲಿ ಅಷ್ಟು ಬಿಲಿರುಬಿನ್ ಅಂದರೆ ಡೆಸಿಲೀಟರಿಗೆ ಸುಮಾರು 3 ಮಿಲಿಗ್ರಾಂ. ಅವರು ನೋಡಿದ ರೋಗಿಗಳಲ್ಲಿ ಎರಡೂ ಕೂಡಿ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿಯಲಿಲ್ಲ.

ಇಳಿಯುತ್ತಿದ್ದ ಬಿಲಿರುಬಿನ್ ಮತ್ತೆ ಏರಿದರೆ, ಜ್ವರ ಇಲ್ಲದಿದ್ದರೂ ಸೋಂಕು ಹುಡುಕಬೇಕಾಗುತ್ತದೆ. ರಕ್ತ ಕಲ್ಚರ್‌ಗೆ ಹೋಗುತ್ತದೆ, ಸಿಟಿ ಮಾಡಿಸುತ್ತಾರೆ, ಎಲ್ಲಾದರೂ ಕೀವು ನಿಂತಿದ್ದರೆ ಪೈಪ್ ಹಾಕಿ ಹೊರಗೆ ತೆಗೆಯುತ್ತಾರೆ. ಕೀವು ಒಳಗೇ ಇದ್ದರೆ ಬರೀ ಆ್ಯಂಟಿಬಯಾಟಿಕ್‌ನಿಂದ ಸಾಮಾನ್ಯವಾಗಿ ಕೆಲಸ ಆಗುವುದಿಲ್ಲ.