ಈಜು ಬರಲ್ಲ, ಮಾಂಸ ತಿನ್ನಲ್ಲ: ಕೆರಿಬಿಯನ್ ದ್ವೀಪಕ್ಕೆ ಹೋಗಿ ಏನ್ ಮಾಡೋದು?

ಓದುಗರ ಪ್ರಶ್ನೆ: ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಐದು ದಿನ ಯಾವುದಾದರೂ ಕೆರಿಬಿಯನ್ ದ್ವೀಪಕ್ಕೆ ಕರೆದುಕೊಂಡು ಹೋಗ್ತೀವಿ ಅಂತ ಮಗಳು, ಅಳಿಯ ಹಟ ಹಿಡಿದಿದ್ದಾರೆ. ನಮಗಿಬ್ಬರಿಗೂ ಅರವತ್ತು ದಾಟಿದೆ. ಈಜು ಬರಲ್ಲ, ಮಾಂಸ ಮೀನು ತಿನ್ನಲ್ಲ, ಕುಡಿಯೋ ಅಭ್ಯಾಸವೂ ಇಲ್ಲ. ಅಷ್ಟು ದುಡ್ಡು ಹಾಕಿ ಹೋಗಿ ನಾವು ಅಲ್ಲಿ ಮಾಡೋದಾದರೂ ಏನು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಊರಿನಿಂದ, ಹೆಚ್ಚುಕಮ್ಮಿ ಇದೇ ಮಾತಿನಲ್ಲಿ ಬರುತ್ತಲೇ ಇರುತ್ತದೆ. ನಿಮ್ಮ ಅನುಮಾನ ಸುಳ್ಳೇನಲ್ಲ. ಊಟ, ಕುಡಿತ, ನೀರಾಟ ಎಲ್ಲ ಸೇರಿಸಿ ದುಡ್ಡು ಇಸಿದುಕೊಳ್ಳುವ ರೆಸಾರ್ಟಿಗೆ ನಿಮ್ಮಂಥವರು ಹೋದರೆ ಅರ್ಧ ದುಡ್ಡು ಸುಮ್ನೆ ಅಲ್ಲೇ ಬಿಟ್ಟು ಬಂದ ಹಾಗೆ. ಆದ್ದರಿಂದ ಮಗಳಿಗೆ ಹೇಳಿ: ಬೇರೆ ದ್ವೀಪಗಳನ್ನು ಬಿಟ್ಟು ಟ್ರಿನಿಡಾಡ್‌ಗೆ ಟಿಕೆಟ್ ಮಾಡಿಸಲಿ. ಮೂರು ದಿನ ಅಲ್ಲಿ, ಎರಡು ದಿನ ಟೊಬ್ಯಾಗೊದಲ್ಲಿ. ಎರಡು ದ್ವೀಪ, ಒಂದೇ ದೇಶ.

ಯಾಕೆ ಅಂದರೆ, ಟ್ರಿನಿಡಾಡ್ ಬರೀ ಮರಳಿನ ದ್ವೀಪವಲ್ಲ. ವೆನೆಜುವೆಲಾದ ತೀರ ಅಲ್ಲಿಂದ ಸುಮಾರು 11 ಕಿಲೋಮೀಟರ್ ಅಷ್ಟೆ. ದಕ್ಷಿಣ ಅಮೆರಿಕದಿಂದ ಕಿತ್ತುಕೊಂಡ ಒಂದು ತುಣುಕು ಅದು. ಹಾಗಾಗಿ ಕಾಡು, ಬೆಟ್ಟ, ಹಕ್ಕಿ ಎಲ್ಲ ಇವೆ. ಇನ್ನೊಂದು ಕಾರಣ ಅಲ್ಲಿನ ಜನ. 1845ರ ಮೇ 30ರಂದು ಫತೇಲ್ ರಜಾಕ್ ಅನ್ನುವ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಅಲ್ಲಿನ ಕಬ್ಬಿನ ತೋಟಗಳಿಗೆ ಇಳಿಸಿತು. 1917ರವರೆಗೂ ಹಡಗುಗಳು ಬರುತ್ತಲೇ ಇದ್ದವು. ಬಂದವರಲ್ಲಿ ಹೆಚ್ಚಿನವರು ಭೋಜಪುರಿ ಸೀಮೆಯವರು, ಕೆಲವರು ಮದ್ರಾಸ್ ಬಂದರಿನಿಂದ ಹೊರಟವರು. ಇವತ್ತು ಆ ದೇಶದ ಮೂರರಲ್ಲಿ ಒಬ್ಬರಿಗೆ ಭಾರತದ ಮೂಲವಿದೆ. ಹಿಂದಿ ಆಡುವವರು ಈಗ ಕಮ್ಮಿ. ಆದರೆ ಅಡುಗೆಮನೆಯ ಮಾತು ಉಳಿದಿದೆ: ತವಾ, ಬೈಗನ್, ದಾಲ್, ಭಾಜಿ. ಅಪ್ಪನ ಅಪ್ಪ 'ಆಜಾ', ಅಪ್ಪನ ಅಮ್ಮ 'ಆಜಿ'. ನಮ್ಮ ಅಜ್ಜ ಅಜ್ಜಿ ಎಷ್ಟು ಹತ್ತಿರ ಇದ್ದಾರೆ ನೋಡಿ.

ಊಟದಿಂದಲೇ ಶುರು ಮಾಡೋಣ, ನಿಮ್ಮ ದೊಡ್ಡ ಚಿಂತೆ ಅದೇ ಅಲ್ವಾ. ಬೆಳಿಗ್ಗೆ ರಸ್ತೆ ಬದಿಯಲ್ಲಿ ಒಂದು ಪೆಟ್ಟಿಗೆ, ಅದರ ಮೇಲೊಂದು ಛತ್ರಿ, ಮುಂದೆ ಏಳೆಂಟು ಜನ ನಿಂತಿದ್ದರೆ ಅದು ಡಬಲ್ಸ್ ಅಂಗಡಿ. ಅರಿಶಿನ ಹಾಕಿ ಕಲಸಿದ ಮೈದಾ ಹಿಟ್ಟಿನ ಮೆತ್ತಗಿನ ಎರಡು 'ಬಾರಾ', ಮಧ್ಯೆ ಬೇಯಿಸಿದ ಕಡಲೆ ಗೊಜ್ಜು. ಪೂರಿಯಷ್ಟು ಗರಿ ಇಲ್ಲ, ಭಟೂರೆಯ ತಮ್ಮ ಅನ್ನಬಹುದು. ಅಂಗಡಿಯವನ ಕೈ ಓಡುವುದನ್ನು ನೋಡಬೇಕು. ಅಂಗೈ ಮೇಲೆ ಕಾಗದ, ಅದರ ಮೇಲೆ ಒಂದರ ಅಂಚು ಇನ್ನೊಂದಕ್ಕೆ ತಾಕುವ ಹಾಗೆ ಎರಡು ಬಾರಾ, ಒಂದು ಸೌಟು ಕಡಲೆ, ಹುಣಸೆ ಚಟ್ನಿ, ಸೌತೆಕಾಯಿ, 'ಶಾಡೋ ಬೆನಿ' ಅನ್ನುವ ಸೊಪ್ಪಿನ ಚಟ್ನಿ, ಎರಡು ತಿರುವು, ಪೊಟ್ಟಣ ಸಿದ್ಧ. ಶಾಡೋ ಬೆನಿ ಬೇರೇನೂ ಅಲ್ಲ, ನಮ್ಮಲ್ಲೂ ಕೆಲವರ ಹಿತ್ತಲಲ್ಲಿ ಬೆಳೆಯುವ ಉದ್ದೆಲೆಯ ಕಾಡು ಕೊತ್ತಂಬರಿ.

ಅವನು ಕೇಳುವ ಪ್ರಶ್ನೆ ಒಂದೇ: ಪೆಪ್ಪರ್ ಎಷ್ಟು? ನಾನು ಬ್ಯಾಡಗಿ ಮೆಣಸಿನಕಾಯಿಯ ನಾಡಿನವನು ಅನ್ನೋ ಜಂಬದಲ್ಲಿ 'ಜಾಸ್ತಿನೇ ಹಾಕಪ್ಪ' ಅಂದುಬಿಟ್ಟೆ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ ಅನ್ನೋದು ಆಮೇಲೆ ನೆನಪಾಯಿತು. ಕಣ್ಣು, ಮೂಗು, ಕಿವಿ ಎಲ್ಲ ಒಟ್ಟಿಗೆ ಉರಿದವು. ನೀವು 'ಸ್ಲೈಟ್' ಅನ್ನಿ. ಅಲ್ಲಿಯವರೂ ಹಾಗೇ ಹೇಳುವುದು. ಒಳ್ಳೆಯ ಅಂಗಡಿಗಳಲ್ಲಿ ಹೊತ್ತೇರುವ ಮುಂಚೆ ಮಾಲು ಖಾಲಿ, ತಿಂಡಿ ಹೊತ್ತಿಗೇ ಹೋಗಿ.

ಮಧ್ಯಾಹ್ನಕ್ಕೆ ದಾಲ್‌ಪುರಿ. ಬೆಲ್ಲ ಹಾಕದೆ, ಜೀರಿಗೆ ಹಾಕಿ ಮಾಡಿದ ಬೇಳೆ ಹೋಳಿಗೆ ಅಂತ ಅಂದುಕೊಳ್ಳಿ. ಅದರೊಳಗೆ ಸಿಹಿಗುಂಬಳದ ಪಲ್ಯ, ಆಲೂ ಕಡಲೆ ಇಟ್ಟು ಮಡಚಿ ಕೊಡುತ್ತಾರೆ. ಸುಟ್ಟ ಬದನೆಕಾಯಿಯ 'ಬೈಗನ್ ಚೋಕಾ' ನಮ್ಮ ಬದನೆಕಾಯಿ ಗೊಜ್ಜಿನ ಹತ್ತಿರದ ನೆಂಟ. ಒಂದು ಎಚ್ಚರಿಕೆ: 'ಕಲಾಲು' ಅಂತ ಒಂದು ಹಸಿರು ಸಾರು ಸಿಗುತ್ತದೆ, ಕೆಸುವಿನ ಸೊಪ್ಪು, ಬೆಂಡೆಕಾಯಿ, ತೆಂಗಿನ ಹಾಲಿನದು. ನೋಡಿದರೆ ನಮ್ಮದೇ ಅಡುಗೆ ಅನ್ನಿಸುತ್ತದೆ. ಆದರೆ ಅದರಲ್ಲಿ ಏಡಿಯೋ ಉಪ್ಪು ಹಾಕಿದ ಹಂದಿಮಾಂಸವೋ ಇರುವುದುಂಟು. ಕೇಳದೆ ಬಾಯಿಗಿಡಬೇಡಿ.

ಮೊದಲ ದಿನ ಮಧ್ಯ ಟ್ರಿನಿಡಾಡ್‌ನ ವಾಟರ್‌ಲೂಗೆ ಹೋಗಿ. ಅಲ್ಲಿ ಸಮುದ್ರದೊಳಗೆ ಒಂದು ದೇವಸ್ಥಾನ ಇದೆ. ಸೀವ್‌ದಾಸ್ ಸಾಧು ಅನ್ನುವ ಕೂಲಿಯಾಳು 1947ರಲ್ಲಿ ದಡದ ಮೇಲೆ ಚಿಕ್ಕ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದು. ತೆಗೆ ಅಂದರು, ಇವನು ತೆಗೆಯಲಿಲ್ಲ. ದಂಡ ಹಾಕಿ 14 ದಿನ ಜೈಲಿಗೆ ಕಳಿಸಿದರು, ಗುಡಿ ಕೆಡವಿದರು. ಹೊರಗೆ ಬಂದವನು ಯೋಚಿಸಿದ: ನೆಲ ಅವರದ್ದು ಸರಿ, ಸಮುದ್ರ ಯಾರದ್ದು? ಸೈಕಲ್ಲಿಗೆ ಬಕೆಟ್ ನೇತುಹಾಕಿಕೊಂಡು ಕಲ್ಲು, ಮರಳು, ಸಿಮೆಂಟು ಹೊತ್ತು, ಇಳಿತದ ಹೊತ್ತಿನಲ್ಲಿ ನೀರಿಗಿಳಿದು ಸುರಿಯುತ್ತಾ ಹೋದ. ಇಪ್ಪತ್ತೈದು ವರ್ಷ. ಈಗ ನೀವು ನೋಡುವ ಕಟ್ಟಡ 1995ರ ಹೊತ್ತಿಗೆ, ಭಾರತೀಯರು ಬಂದ 150ನೇ ವರ್ಷಕ್ಕೆ, ಸರ್ಕಾರವೇ ಮುಂದೆ ನಿಂತು ಹೊಸದಾಗಿ ಕಟ್ಟಿಸಿದ್ದು. ಕಾಲುದಾರಿಯ ಇಕ್ಕೆಲದಲ್ಲೂ ನೀರು. ಇಳಿತವಿದ್ದರೆ ನೀರಿನ ಬದಲು ಕೆಸರು, ಕೆಸರಿನ ತುಂಬ ಹಕ್ಕಿ. ಚೆಂದ ಎರಡರಲ್ಲೂ ಇದೆ. ಪಕ್ಕದಲ್ಲೇ ಸಮುದ್ರದ ದಂಡೆಗೆ ಹೆಣ ಸುಡುವ ಜಾಗ ಇದೆ, ಕಂಡರೆ ಬೆಚ್ಚಬೇಡಿ.

ಅಲ್ಲಿಂದ ಸ್ವಲ್ಪ ದೂರ ಕ್ಯಾರಪಿಚೈಮಾ. ಅಲ್ಲಿನ 85 ಅಡಿ ಎತ್ತರದ ಹನುಮಂತನನ್ನು ನಿಲ್ಲಿಸಿದ್ದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮ, 2003ರಲ್ಲಿ. ಮೈಸೂರಿನ ಊಟಿ ರಸ್ತೆಯಲ್ಲಿ ಓಡಾಡಿದವರಿಗೆ ಆ ಆಶ್ರಮ ಗೊತ್ತೇ ಇರುತ್ತದೆ.

ಎರಡನೇ ದಿನ ಸಂಜೆಯನ್ನು ಕರೋನಿ ಜೌಗಿಗೆ ಮೀಸಲಿಡಿ. ಐದು ದಿನದಲ್ಲಿ ಒಂದೇ ಜಾಗ ನೋಡೋಕಾಗೋದು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಸುಮಾರು ನಾಲ್ಕು ಗಂಟೆಗೆ ಚಪ್ಪಟೆ ತಳದ ದೋಣಿ ಹೊರಡುತ್ತದೆ. ಎರಡೂ ಕಡೆ ಕಾಂಡ್ಲಾ ಕಾಡು, ನೀರು ಅಲುಗಾಡುವುದೇ ಇಲ್ಲ, ಸಮುದ್ರದ ದೋಣಿಯ ಹಾಗೆ ಹೊಟ್ಟೆ ತೊಳಸುವುದಿಲ್ಲ. ತಲೆ ಮೇಲಿನ ಕೊಂಬೆಯಲ್ಲಿ ಹಾವು ಸುರುಳಿ ಸುತ್ತಿ ಮಲಗಿರುತ್ತದೆ, ದೋಣಿಯವನು ತೋರಿಸುತ್ತಾನೆ, ನೋಡಲೇಬೇಕು ಅಂತೇನಿಲ್ಲ. ಕೊನೆಗೆ ಒಂದು ದೊಡ್ಡ ಕೆರೆಯಂಥ ಜಾಗ, ನಡುವೆ ಮರಗಳ ದಿಬ್ಬ. ದೋಣಿ ಕಟ್ಟಿ ಎಲ್ಲರೂ ಸುಮ್ಮನೆ ಕೂರುತ್ತಾರೆ. ಮೊದಲು ಮೂರು ಹಕ್ಕಿ. ಆಮೇಲೆ ಹತ್ತು. ಆಮೇಲೆ ಎಣಿಸುವುದನ್ನು ಬಿಡುತ್ತೀರಿ. ರಂಗನತಿಟ್ಟಿನಲ್ಲಿ ಕಪ್ಪು ತಲೆಯ ಬಿಳಿ ಐಬಿಸ್ ನೋಡಿರುತ್ತೀರಲ್ಲ, ಅದರದೇ ಬಳಗ, ಬಣ್ಣ ಮಾತ್ರ ಅಪ್ಪಟ ಕೆಂಪು. ಏಡಿ, ಸಿಗಡಿಯಂಥವನ್ನು ತಿಂದು ತಿಂದು ಬರುವ ಬಣ್ಣ ಅದು. ಮರಿಗಳು ಕಂದು ಬಣ್ಣದವು. ಬೆಳಕು ಇಳಿಯುತ್ತಿದ್ದ ಹಾಗೆ ಹಸಿರು ಮರದ ತುಂಬ ಕುಂಕುಮದ ಬೊಟ್ಟು ಇಟ್ಟ ಹಾಗಾಗುತ್ತದೆ. ದೋಣಿ ತೀರಾ ಹತ್ತಿರ ಹೋಗುವುದಿಲ್ಲ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ, ಸೊಳ್ಳೆ ಕ್ರೀಮ್ ಅಂತೂ ಮರೆಯಲೇಬೇಡಿ.

ಅದೇ ದಿನ ಬೆಳಿಗ್ಗೆ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಸುತ್ತಬಹುದು. ಸವಾನಾ ಮೈದಾನದ ಪಕ್ಕ ಎಳನೀರು ಕುಡಿಯಿರಿ. ಏಪ್ರಿಲ್‌ನಲ್ಲಿ ಅಲ್ಲಿ 'ಪೂಯಿ' ಮರಗಳು ಎಲೆ ಉದುರಿಸಿ ಹೂ ಹೊತ್ತು ನಿಂತಿರುತ್ತವೆ. ಬೆಂಗಳೂರಿನಲ್ಲಿ ಎಲ್ಲರೂ ಫೋಟೋ ತೆಗೆಯುವ ಗುಲಾಬಿ ಟಬೂಬಿಯಾ ಮರದ ತವರು ಆ ಕಡೆಯದೇ. ಯಜಮಾನರಿಗೆ ಕ್ರಿಕೆಟ್ ಹುಚ್ಚಿದ್ದರೆ ಕ್ವೀನ್ಸ್ ಪಾರ್ಕ್ ಓವಲ್ ಗೇಟಿನ ಹತ್ತಿರವಾದರೂ ಹೋಗಿ ಬನ್ನಿ. 1976ರ ಏಪ್ರಿಲ್‌ನಲ್ಲಿ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 406 ಹೊಡೆದು ಗೆದ್ದಿದ್ದು ಇಲ್ಲೇ. ಗಾವಸ್ಕರ್ 102, ನಮ್ಮ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49. ಅದಕ್ಕೂ ಮುಂಚೆ ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್ ಆರು ವಿಕೆಟ್ ಕಿತ್ತಿದ್ದರು. ಅರ್ಧ ಗೆಲುವು ಕರ್ನಾಟಕದ್ದೇ ಅನ್ನೋಣ, ಉಳಿದವರು ಬೇಜಾರು ಮಾಡಿಕೊಳ್ಳದಿರಲಿ.

ಮೂರನೇ ದಿನಕ್ಕೆ ಎರಡು ದಾರಿ. ದಕ್ಷಿಣಕ್ಕೆ ಹೋದರೆ ಲಾ ಬ್ರೇಯದ ಡಾಂಬರು ಕೆರೆ. ಸುಮಾರು 100 ಎಕರೆ, ನೆಲದಿಂದ ತಾನಾಗಿ ಉಕ್ಕಿದ ಡಾಂಬರು, ಮೇಲೆ ಆನೆ ಚರ್ಮದ ಹಾಗೆ ಸುಕ್ಕು. 1595ರಲ್ಲಿ ಇಂಗ್ಲೆಂಡಿನ ನಾವಿಕ ವಾಲ್ಟರ್ ರ‍್ಯಾಲಿ ತನ್ನ ಹಡಗಿನ ಬಿರುಕುಗಳಿಗೆ ಇದನ್ನೇ ಮೆತ್ತಿಸಿದ್ದ. ಮೇಲೆ ನಡೆಯಬಹುದು, ಆದರೆ ಗೈಡ್ ಕಾಲಿಟ್ಟಲ್ಲೇ ಕಾಲಿಡಿ. ಇನ್ನೊಂದು ದಾರಿ ಉತ್ತರ ತೀರದ ಗ್ರಾಂಡ್ ರಿವಿಯೇರ್. ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಾತ್ರಿ ಹೊತ್ತು ಅಲ್ಲಿಗೆ ಮೊಟ್ಟೆ ಇಡಲು ದೊಡ್ಡ ದೊಡ್ಡ ಲೆದರ್‌ಬ್ಯಾಕ್ ಆಮೆಗಳು ಬರುತ್ತವೆ. 300 ಕಿಲೋ ಮೀರಿದ ಜೀವ ಹಿಂಗಾಲಿನಿಂದ ಮರಳನ್ನು ಬೊಗಸೆಯಲ್ಲಿ ತೆಗೆದ ಹಾಗೆ ತೆಗೆದು ಆಚೆ ಹಾಕುತ್ತಾ ಕೂರುತ್ತದೆ. ಪರವಾನಗಿ ಬೇಕು, ಗೈಡ್ ಜೊತೆಗಿರಬೇಕು, ಬಿಳಿ ಟಾರ್ಚು ಹಚ್ಚುವಂತಿಲ್ಲ. ದಾರಿ ಬರೀ ತಿರುವು, ನಿದ್ದೆಗೆಟ್ಟು ವಾಪಸ್ ಬರುವ ಸಾಹಸ ಬೇಡ, ಆ ಊರಲ್ಲೇ ಉಳಿಯಿರಿ. ಸೊಂಟ ಗಟ್ಟಿ ಇದ್ದರೆ ಆಮೆ, ಇಲ್ಲದಿದ್ದರೆ ಡಾಂಬರು.

ಕೊನೆಯ ಎರಡು ದಿನ ಟೊಬ್ಯಾಗೊ. ವಿಮಾನದಲ್ಲಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹಡಗೂ ಇದೆ, ನಾನು ವಿಮಾನವನ್ನೇ ಹೇಳುತ್ತೇನೆ. ಇಲ್ಲಿ ಸಮುದ್ರವೇ ನಿಮ್ಮಂಥವರಿಗೆ ಅಂತ ಮಾಡಿಟ್ಟ ಹಾಗಿದೆ. ಗಾಜಿನ ತಳದ ದೋಣಿ ಬುಕ್ಕೂ ಹವಳದ ದಿಬ್ಬದ ಮೇಲೆ ನಿಧಾನ ಹೋಗುತ್ತದೆ, ಕೂತಲ್ಲೇ ಬಗ್ಗಿ ಮೀನು ನೋಡಬಹುದು. ಆಮೇಲೆ ದಡ ದೂರವಾದ ಮೇಲೆ ನಡು ನೀರಿನಲ್ಲಿ ದೋಣಿ ನಿಲ್ಲಿಸಿ 'ಇಳೀರಿ' ಅನ್ನುತ್ತಾರೆ. ಗಾಬರಿ ಆಗಬೇಡಿ. ಅದು ನೈಲಾನ್ ಪೂಲ್. ಕೆಳಗೆ ಬಿಳಿ ಮರಳಿನ ದಿಣ್ಣೆ, ನೀರು ಸೊಂಟದವರೆಗೆ. ಹಿಂದೊಮ್ಮೆ ಬಂದಿದ್ದ ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್ ಈ ನೀರು ನನ್ನ ನೈಲಾನ್ ಕಾಲುಚೀಲದಷ್ಟು ತಿಳಿ ಅಂದಳಂತೆ, ಹೆಸರು ಅದರಿಂದ ಅಂತ ಹೇಳುತ್ತಾರೆ. ಇಲ್ಲಿ ಮಿಂದರೆ ವಯಸ್ಸು ಇಳಿಯುತ್ತದೆ ಅಂತ ದೋಣಿಯವರ ಇನ್ನೊಂದು ಕಥೆ. ನಾನಿದ್ದ ದೋಣಿಯಲ್ಲಿ ಏಣಿಗೆ ಕಾಲೇ ಇಡಲ್ಲ ಅಂತಿದ್ದ ಒಬ್ಬ ಅಜ್ಜಿ, ಇಳಿದ ಮೇಲೆ ಹತ್ತಿಸುವುದಕ್ಕೆ ಇಬ್ಬರು ಮೊಮ್ಮಕ್ಕಳು ಬೇಡಿಕೊಳ್ಳಬೇಕಾಯಿತು. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಟ್ರಿನಿಡಾಡ್‌ನ ಮರಾಕಸ್ ಬೀಚಿನಲ್ಲಿ ಮಾತ್ರ ಈ ಧೈರ್ಯ ಬೇಡ, ಅಲ್ಲಿನ ಸೆಳೆತ ಜೋರು. ನಡಿಗೆ ಇಷ್ಟವಿದ್ದರೆ ಟೊಬ್ಯಾಗೊದ ಮೇನ್ ರಿಡ್ಜ್ ಕಾಡಿಗೂ ಹೋಗಬಹುದು. ಮರ ಕಡಿದರೆ ಮಳೆ ಹೋಗುತ್ತದೆ ಅಂತ 1776ರಲ್ಲೇ ಕಾನೂನು ಮಾಡಿ ಉಳಿಸಿದ ಕಾಡು ಅದು.

ಇನ್ನು ಹೊರಡುವ ಮುಂಚಿನ ಮಾತು. ಟ್ರಿನಿಡಾಡ್‌ಗೆ ಹಳದಿ ಜ್ವರದ ಲಸಿಕೆ ಬೇಕೇ ಅಂತ ಮೊದಲು ವೈದ್ಯರನ್ನು ಕೇಳಿ, ಅರವತ್ತು ದಾಟಿದವರಿಗೆ ಅದರ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಹಾಕಿಸಿಕೊಳ್ಳುವುದಾದರೆ ಕನಿಷ್ಠ ಹತ್ತು ದಿನ ಮುಂಚೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಇಳಿದು, ಕೈಯಲ್ಲಿ ಲಸಿಕೆ ಕಾರ್ಡ್ ಇಲ್ಲದಿದ್ದರೆ ನಿಮ್ಮನ್ನು ಪ್ರತ್ಯೇಕವಾಗಿ ಇರಿಸಬಹುದು. ಮಗಳ ಮನೆಯಲ್ಲಿ ವಾರಕ್ಕಿಂತ ಜಾಸ್ತಿ ಇದ್ದು ಬರುವವರಿಗೆ ಆ ತಾಪತ್ರಯ ಇಲ್ಲ. ಪುಂಡಾಟ, ಗುಂಡಿನ ಸದ್ದು ಅಲ್ಲಿಯೂ ಇದೆ. 2024ರ ಕೊನೆಯಲ್ಲಿ ತುರ್ತು ಪರಿಸ್ಥಿತಿಯನ್ನೇ ಹೇರಿದ್ದರು. ಟಿಕೆಟ್‌ಗೆ ಮುಂಚೆ ಪ್ರಯಾಣದ ಸೂಚನೆಗಳನ್ನು ನೋಡಿ. ಕತ್ತಲಾದ ಮೇಲೆ ರಾಜಧಾನಿಯಲ್ಲಿ ಕಾಲ್ನಡಿಗೆ ಬೇಡ, ಹೋಟೆಲಿನವರೇ ಹೇಳಿದ ಟ್ಯಾಕ್ಸಿ ಹಿಡಿಯಿರಿ. ಅಳಿಯ ಕಾರು ಓಡಿಸುವುದಾದರೆ ನೆನಪಿಸಿ, ಅಲ್ಲಿ ನಮ್ಮ ಹಾಗೆ ಎಡಗಡೆ ಓಡಿಸಬೇಕು. ಮೊಮ್ಮಗ ಜೊತೆಗಿದ್ದರೆ ಅವನ ಬ್ಯಾಗು ಒಮ್ಮೆ ನೋಡಿ: ಮಿಲಿಟರಿ ಬಣ್ಣದ ಪ್ಯಾಂಟು, ಟೋಪಿ ಇದ್ದರೆ ತೆಗೆದು ನ್ಯೂಜೆರ್ಸಿಯಲ್ಲೇ ಇಡಿ. ಅಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ, ಕಸ್ಟಮ್ಸ್‌ನವರು ಇಸಿದುಕೊಂಡರೆ ವಾಪಸ್ ಬರುವುದಿಲ್ಲ.