ಬಾಣಂತಿಯ ಅಳು ಮತ್ತು ಮೂರು ‘ಎರಡು ವಾರ’ಗಳ ಲೆಕ್ಕ

ನರ್ಸಿಂಗ್ ಓದುತ್ತಿರುವವರಿಗೆ, ಆಶಾ ತರಬೇತಿಯಲ್ಲಿ ಇರುವವರಿಗೆ ಈ ಟಿಪ್ಪಣಿ. ಹೆರಿಗೆಯ ನಂತರ ತಾಯಿಯ ಮನಸ್ಸು ಏರುಪೇರಾಗುವುದರಲ್ಲಿ ಮೂರು ಬಗೆ: ಬೇಬಿ ಬ್ಲೂಸ್ (ಕೆಲವು ದಿನದ ಅಳು, ಬೇಸರ), ಡಿಪ್ರೆಶನ್ (ಖಿನ್ನತೆ), ಸೈಕೋಸಿಸ್ (ವಾಸ್ತವದ ಅರಿವೇ ತಪ್ಪುವ ತೀವ್ರ ಮನೋರೋಗ). ಲಕ್ಷಣಗಳ ಪಟ್ಟಿ ನಿಮ್ಮ ಪುಸ್ತಕದಲ್ಲೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ನನ್ನ ತಲೆ ಕೆಡಿಸಿದ್ದು ದಿನಗಳ ಲೆಕ್ಕ. ಮೂರರಲ್ಲೂ ‘ಎರಡು ವಾರ’ ಅಂತ ಬರುತ್ತದೆ. ಆದರೆ ಮೂರು ಕಡೆಯೂ ಎಣಿಸುವುದು ಬೇರೆ ಬೇರೆ.

ಮೊದಲು ಬ್ಲೂಸ್. ಮಾಸ ಹೊರಬಂದ ಮೇಲೆ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಒಂದೆರಡು ದಿನದಲ್ಲೇ ಧೊಪ್ಪನೆ ಇಳಿಯುತ್ತವೆ. ಜೊತೆಗೆ ನಿದ್ದೆ ಇಲ್ಲ, ಹೊಲಿಗೆಯ ನೋವು, ಎದೆಯಲ್ಲಿ ಹಾಲು ಕಟ್ಟುವುದು. ಎರಡು ಮೂರನೇ ದಿನಕ್ಕೆ ಅಳು ಶುರು, ನಾಲ್ಕು ಐದನೇ ದಿನಕ್ಕೆ ಜೋರು, ಹತ್ತರಿಂದ ಹದಿನಾಲ್ಕು ದಿನದೊಳಗೆ ತಾನಾಗಿ ಇಳಿಯುತ್ತದೆ. ಅರ್ಧಕ್ಕಿಂತ ಜಾಸ್ತಿ ತಾಯಂದಿರಿಗೆ ಹೀಗಾಗುತ್ತದೆ. ಇಲ್ಲಿ ಎಣಿಕೆ ಹೆರಿಗೆಯ ದಿನದಿಂದ. ಎರಡು ವಾರ ಅಂದರೆ ಇದು ಮುಗಿಯಬೇಕಾದ ಗಡುವು.

ಎರಡನೆಯದು ಡಿಪ್ರೆಶನ್. ಇಲ್ಲಿ ಎಣಿಕೆ ಲಕ್ಷಣ ಶುರುವಾದ ದಿನದಿಂದ. ಹೆರಿಗೆಯ ದಿನ ಲೆಕ್ಕಕ್ಕಿಲ್ಲ. ದಿನದ ಹೆಚ್ಚಿನ ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಬೇಸರ ಇರಬೇಕು, ಅಥವಾ ಯಾವುದರಲ್ಲೂ ಮನಸ್ಸಿಲ್ಲ ಅನಿಸಬೇಕು. ಜೊತೆಗೆ ನಿದ್ದೆ, ಹಸಿವು, ಸುಸ್ತು, ‘ನಾನು ಕೆಟ್ಟ ತಾಯಿ’ ಅನ್ನುವ ಭಾವ ಇತ್ಯಾದಿ. ಗೊಂದಲ ಹುಟ್ಟುವುದು ಇಲ್ಲೇ. ಮೂರನೇ ದಿನ ಶುರುವಾದ ಅಳು ಹದಿನೇಳನೇ ದಿನವೂ ನಿಂತಿಲ್ಲ ಅಂದುಕೊಳ್ಳಿ. ಬ್ಲೂಸ್‌ನ ಗಡುವು ಮುಗಿದಿದೆ, ಡಿಪ್ರೆಶನ್ನಿನ ಎರಡು ವಾರವೂ ತುಂಬಿದೆ. ಎರಡೂ ಲೆಕ್ಕ ಅಕ್ಕಪಕ್ಕ ಬಂದು ನಿಲ್ಲುವುದರಿಂದ ಒಂದೇ ಅನಿಸುತ್ತದೆ. ಬೇರೆ ಉದಾಹರಣೆ ತಗೊಳ್ಳಿ. ಎರಡು ತಿಂಗಳು ಚೆನ್ನಾಗಿಯೇ ಇದ್ದ ಬಾಣಂತಿ ಆಮೇಲೆ ಮಂಕಾಗುತ್ತಾಳೆ. ಹೆರಿಗೆಯಿಂದ ಎಣಿಸಿದರೆ ‘ಆ ಕಾಲ ಮುಗೀತಲ್ಲ’ ಅಂತ ಬಿಟ್ಟುಬಿಡುತ್ತೇವೆ. ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಗರ್ಭಿಣಿಯಾಗಿದ್ದಾಗ ಅಥವಾ ಹೆರಿಗೆಯ ನಂತರದ 4 ವಾರದೊಳಗೆ ಶುರುವಾದದ್ದನ್ನೇ ಹೇಳಿದರೂ, ವೈದ್ಯರು ಒಂದು ವರ್ಷದವರೆಗೆ ನೋಡುತ್ತಾರೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 100ರಲ್ಲಿ ಸುಮಾರು 22 ತಾಯಂದಿರಿಗೆ ಇದು ಬರುತ್ತದೆ. ಬೆಳಗಾವಿಗೆ ಹತ್ತಿರದ ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಬಡತನ, ಗಂಡ ಹೆಂಡತಿಯ ಜಗಳ, ಹೆಣ್ಣು ಹುಟ್ಟಿತು ಅನ್ನುವ ಮಾತು, ಇವನ್ನೆಲ್ಲ ಕಾರಣಗಳ ಸಾಲಿನಲ್ಲಿ ಇಟ್ಟಿದೆ. ನಮ್ಮ ಕಡೆಯೂ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ, ಅಲ್ವಾ?

ಮೂರನೆಯದು ಸೈಕೋಸಿಸ್, ಹಿರಿಯರು ಬಾಣಂತಿ ಸನ್ನಿ ಅನ್ನುವುದು. 1000 ಹೆರಿಗೆಗೆ ಒಂದೋ ಎರಡೋ. ಇಲ್ಲಿ ಎರಡು ವಾರ ಅಂದರೆ ಸಾಮಾನ್ಯವಾಗಿ ಶುರುವಾಗುವ ಅವಧಿ. ಕಾಯುವ ಮಾತೇ ಇಲ್ಲ. ನಿದ್ದೆಯೇ ಬೇಡ ಅನ್ನುವುದು, ಇಲ್ಲದ ದನಿ ಕೇಳುವುದು, ‘ಈ ಮಗು ನಂದಲ್ಲ’ ಅನ್ನುವುದು ಕಂಡರೆ ಅವತ್ತೇ ಆಸ್ಪತ್ರೆ. ತಾಯಿ, ಮಗು ಇಬ್ಬರನ್ನೇ ಒಂಟಿಯಾಗಿ ಬಿಡಬಾರದು. ಜ್ವರ ನೋಡಲೇಬೇಕು, ಸೋಂಕಿನಿಂದಲೂ ಹೀಗೆ ಬಡಬಡಿಸಬಹುದು. ‘ಎರಡು ವಾರ ನೋಡೋಣ’ ಅನ್ನುವುದು ಬ್ಲೂಸ್‌ಗೆ ಸರಿ, ಇಲ್ಲಿ ಜೀವಕ್ಕೇ ಅಪಾಯ.

ನೆನಪಿಗೆ ನಾನು ಇಟ್ಟುಕೊಂಡ ದಾರಿ ನಮ್ಮ ವಿಜಯಪುರದ ಕಡೆಯ ಬಾಣಂತನವೇ. ಐದನೇ ದಿನ ಐದೇಶಿ ಅನ್ನುವ ಶಾಸ್ತ್ರ. ಬ್ಲೂಸ್ ಜೋರಾಗಿರುವ ದಿನವೂ ಅದೇ. ಮನೆ ತುಂಬ ನೆಂಟರು, ‘ಹಸಿಮೈಯಾಗ ಅಳಬಾರದವ್ವಾ’ ಅನ್ನುವವರು. ಆಕೆಗೆ ಬೇಕಾದ್ದು ಉಪದೇಶ ಅಲ್ಲ, ಮಗುವನ್ನು ಯಾರಾದರೂ ಎತ್ತಿಕೊಂಡರೆ ಸಿಗುವ ಎರಡು ತಾಸಿನ ನಿದ್ದೆ. ಹನ್ನೆರಡು ಅಥವಾ ಹದಿಮೂರನೇ ದಿನ ತೊಟ್ಟಿಲು. ಅಷ್ಟೊತ್ತಿಗೆ ಅಳು ಇಳಿದಿರಬೇಕು. ತೊಟ್ಟಿಲು ದಾಟಿಯೂ ಉಳಿದರೆ ತಡಮಾಡದೆ ತೋರಿಸಬೇಕು. ಕೆಲವು ಮನೆಗಳಲ್ಲಿ ತೊಟ್ಟಿಲು ತಡವಾಗಿ ಮಾಡುತ್ತಾರೆ, ಅಲ್ಲಿ ದಿನವನ್ನೇ ಎಣಿಸಿ. ಆಸ್ಪತ್ರೆ ಹೆರಿಗೆಯ ನಂತರ ಆಶಾ ಮನೆಭೇಟಿ 3, 7, 14, 21, 28, 42ನೇ ದಿನ. 3ರಂದು ಅಳು ಆಗತಾನೇ ಶುರು, 14 ನಿರ್ಧಾರದ ದಿನ, 21 ಮತ್ತು 28 ‘ನಿಂತಿಲ್ಲ’ ಅಂತ ಹಿಡಿಯುವ ದಿನ. ಈ ಭೇಟಿಗಳಲ್ಲಿ ಮಗುವಿನ ತೂಕ, ಹೊಕ್ಕಳು ನೋಡುವುದೇ ಜಾಸ್ತಿ. ತಾಯಿಗೂ ಒಂದು ಪ್ರಶ್ನೆ ಸೇರಿಸಬೇಕು ಅನ್ನುವುದು ನನ್ನ ಗಟ್ಟಿ ಅನಿಸಿಕೆ.

ಪ್ರಶ್ನೆಗೆ ಹೆರಿಗೆ ನಂತರದ ಡಿಪ್ರೆಶನ್ ಪತ್ತೆಗೆ ಎಡಿನ್‌ಬರೋ ಮಾಪಕ ಇದೆ, 1987ರದು, ಕನ್ನಡದಲ್ಲೂ ಬಳಸಿದ್ದಾರೆ. ಕಳೆದ 7 ದಿನದ ಬಗ್ಗೆ 10 ಪ್ರಶ್ನೆ, ಒಟ್ಟು 30 ಅಂಕ. 13 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ‘ಹೌದು’ ಅಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಕ್ರಮ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಉತ್ತರ ಒಂದೇ, ‘ಏನಿಲ್ರೀ, ಆರಾಮ ಅದೀನಿ’. ಮಗುವಿನ ಎದೆಹಾಲು ನೋಡುವ ನೆಪದಲ್ಲಿ ಆಕೆಯೊಬ್ಬಳನ್ನೇ ಕೂರಿಸಿ ಕೇಳಿ.

ಚಿಕಿತ್ಸೆ ಚುಟುಕಾಗಿ: ಆಪ್ತಸಮಾಲೋಚನೆ, ಬೇಕಾದರೆ ಮಾತ್ರೆ. ಸರ್ಟ್ರಾಲಿನ್‌ನಂಥ ಡಿಪ್ರೆಶನ್ ಮಾತ್ರೆ ತಗೊಂಡೂ ಹಾಲುಣಿಸಬಹುದು, ವೈದ್ಯರು ಹೇಳಿದಂತೆ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಫೋನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದುಡ್ಡು ಬೇಕಿಲ್ಲ.

ಇನ್ನೊಂದು ಮಾತು. ಮೊದಲ ಹೆರಿಗೆ ತವರಲ್ಲಿ. ಮೂರು ಅಥವಾ ಐದನೇ ತಿಂಗಳಿಗೆ ಆಕೆ ಗಂಡನ ಮನೆಗೆ ಹೋಗುತ್ತಾಳೆ. ಅಷ್ಟರಲ್ಲಿ 42ನೇ ದಿನದ ಭೇಟಿ ಮುಗಿದಿರುತ್ತದೆ, ಆಶಾ ಬದಲಾಗುತ್ತಾರೆ, ಅವ್ವ ಪಕ್ಕದಲ್ಲಿ ಇರುವುದಿಲ್ಲ. ಡಿಪ್ರೆಶನ್ ಆಗಲೂ ಶುರುವಾಗಬಹುದು. ಕೊನೆಯ ಭೇಟಿಯಲ್ಲೇ ಗಂಡನ ಊರಿನ ಆಶಾ ಫೋನ್ ನಂಬರ್ ಕೇಳಿ, ತಾಯಿ ಕಾರ್ಡಿನ ಮೇಲೆ ಬರೆದು ಕೊಡಿ.