ಎಲ್ಲಿಂದ ಬಂತು, ಯಾರು ತಂದರು: ಒಂದು ವೈರಾಣುವಿನ ಮೂಲದ ತಕರಾರು

ಕೊರೊನಾ ವೈರಾಣು ಹುಟ್ಟಿದ್ದು ಎಲ್ಲಿ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಇಲ್ಲ. ಚೀನಾದ ವುಹಾನ್‌ನ ಮಾರುಕಟ್ಟೆಯೇ, ಅದೇ ಊರಿನ ಪ್ರಯೋಗಾಲಯವೇ, ಬಾವಲಿಯೇ, ರಕೂನ್ ನಾಯಿ ಎಂಬ ನರಿಯಂಥ ಪ್ರಾಣಿಯೇ ಎಂದು ಶುರುವಾದ ಚರ್ಚೆಗೆ ಬೇಹುಗಾರಿಕೆ ಸಂಸ್ಥೆಗಳ ವರದಿ, ಬಯಲಾದ ಖಾಸಗಿ ಸಂದೇಶ, ಹಿಂಪಡೆದ ಪ್ರಬಂಧ, ಕಾಣೆಯಾದ ದತ್ತಾಂಶ ಎಲ್ಲವೂ ಬಂದು ಸೇರಿವೆ. ಹೊಸದಾಗಿ ಓದಲು ಕುಳಿತವರಿಗೆ ತಲೆಬುಡ ಸಿಗುವುದಿಲ್ಲ. ವಿಜಯಪುರದಂಥ ಊರಿನಲ್ಲಿ ಈ ಗೋಜಲಿಗೆ ಇನ್ನೊಂದು ಎಳೆಯೂ ಇದೆ. 2020ರ ಬೇಸಿಗೆಯಲ್ಲಿ ನಾವಿಲ್ಲಿ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದೆವು. ವೈರಾಣು ಮನುಷ್ಯನಿಗೆ ಎಲ್ಲಿಂದ ಬಂತು ಎನ್ನುವುದು ಒಂದು. ನಮ್ಮ ಊರಿಗೆ ಅದನ್ನು ಯಾರು ತಂದರು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗದ ಸಿಟ್ಟನ್ನು ಎರಡನೆಯದರಲ್ಲಿ ತೀರಿಸಿಕೊಂಡೆವು. ಅದರ ಬೆಲೆ ತೆತ್ತವರಲ್ಲಿ ಹೆಚ್ಚಿನವರು ಅದುವರೆಗೆ ವುಹಾನ್ ಎಂಬ ಹೆಸರನ್ನೇ ಕೇಳಿರಲಿಲ್ಲ.

ರೋಗದ ಮೂಲ ಹುಡುಕುವ ಆತಂಕ ಈ ಭಾಗಕ್ಕೆ ಹೊಸದಲ್ಲ. 1688ರಲ್ಲಿ ಔರಂಗಜೇಬನ ಸೈನ್ಯ ಬಿಜಾಪುರದಲ್ಲಿ ಬೀಡುಬಿಟ್ಟಿದ್ದಾಗ ಹರಡಿದ ಪ್ಲೇಗ್ ಅವನ ಪತ್ನಿ ಔರಂಗಾಬಾದಿ ಮಹಲ್‌ಳನ್ನೂ ಬಲಿ ತೆಗೆದುಕೊಂಡಿತು. ಎರಡು ಶತಮಾನದ ಬಳಿಕ, 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗಳಿಗೂ ಬಂತು. ಜನ ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಹೊರಡಿಸಿದ ಕೋವಿಡ್ ನಿಯಮಗಳಿಗೂ ಅದೇ ಕಾಯ್ದೆ ಆಧಾರವಾಯಿತು. ಪ್ಲೇಗಿನ ಆ ದಿನಗಳಲ್ಲಿ, ಬ್ರಿಟಿಷರು ಬಾವಿಗೆ ವಿಷ ಹಾಕಿಸುತ್ತಿದ್ದಾರೆ, ಸೂಜಿಮದ್ದಿನಲ್ಲಿ ಸಾವು ಇದೆ ಎಂಬ ವದಂತಿಗಳು ಊರಿಂದ ಊರಿಗೆ ಓಡಿದವು. ಇಲಿ ಮತ್ತು ಅದರ ಮೈಮೇಲಿನ ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ 1898ರಲ್ಲಿ ತೋರಿಸಿದರೂ ಅದನ್ನು ವೈದ್ಯಲೋಕ ಒಪ್ಪಲು ವರ್ಷಗಳೇ ಹಿಡಿದವು.

ಆ ಕಾಲದ ಒಂದು ಪ್ರಸಂಗ ಇಂದಿನ ಜಗಳಕ್ಕೆ ತೀರ ಹತ್ತಿರದ್ದು. ವಿಜ್ಞಾನಿ ಹಾಫ್ಕಿನ್ ಅವರು ಮುಂಬಯಿಯಲ್ಲಿ ತಯಾರಿಸಿದ ಪ್ಲೇಗ್ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿ, ಧಾರವಾಡದ ಕಡೆ ಸಾವಿರಾರು ಜನ ಹಾಕಿಸಿಕೊಂಡಿದ್ದರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬಲ್ಲಿ ಅದೇ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸೋಂಕು ಪ್ರಯೋಗಾಲಯದಲ್ಲೇ ಸೇರಿತೋ, ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸೇರಿತೋ? ತನಿಖೆ ಪ್ರಯೋಗಾಲಯದ ಕಡೆ ಬೆರಳು ತೋರಿಸಿತು, ಹಾಫ್ಕಿನ್ ಸ್ಥಾನ ಕಳೆದುಕೊಂಡರು. ಬಾಟಲಿ ತೆರೆದ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿದ್ದ ಸಂಗತಿಗೆ ಸಿಗಬೇಕಾದ ತೂಕ ಸಿಗಲು, ಮಲೇರಿಯಾ ವಿಜ್ಞಾನಿ ರೊನಾಲ್ಡ್ ರಾಸ್ ಮೊದಲಾದವರು ಬಹಿರಂಗವಾಗಿ ವಾದಿಸಿ ಹಾಫ್ಕಿನ್ ಮೇಲಿನ ಕಳಂಕ ತೊಳೆಯಲು 1907 ಬರಬೇಕಾಯಿತು. ಒಂದೇ ಒಂದು ಬಾಟಲಿ, ಒಂದೇ ಹಳ್ಳಿ, ಕಣ್ಣಾರೆ ಕಂಡ ಸಾಕ್ಷಿಗಳು. ಇಷ್ಟಿದ್ದೂ ಐದು ವರ್ಷ.

1918ರ ಇನ್‌ಫ್ಲುಯೆಂಜಾಕ್ಕೆ ಸ್ಪೇನಿನ ಹೆಸರು ಅಂಟಿದ್ದು, ಯುದ್ಧದಲ್ಲಿ ತಟಸ್ಥವಾಗಿದ್ದ ಆ ದೇಶದ ಪತ್ರಿಕೆಗಳು ಸುದ್ದಿ ಮುಚ್ಚಿಡಲಿಲ್ಲ ಎಂಬ ಕಾರಣಕ್ಕೆ. ಅದರ ಮೂಲ ಇಂದಿಗೂ ವಿವಾದದಲ್ಲಿದೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿದಾಗ, ಸೈಬೀರಿಯದಿಂದ ಬರುವ ಹಕ್ಕಿಗಳು ಅದನ್ನು ತಂದಿರಬಹುದೇ ಎಂದು ವಿಜ್ಞಾನಿಗಳು ಪರಿಶೀಲಿಸಿದರು. ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣ ಬಂದಿದ್ದು ತಿಳಿದಾಗ ಇದು ಜೈವಿಕ ಅಸ್ತ್ರದ ಪ್ರಯೋಗವೇ ಎಂಬ ಅನುಮಾನ ಎಷ್ಟು ಬೆಳೆಯಿತೆಂದರೆ 1970ರ ದಶಕದಲ್ಲಿ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಿತು. ಏಡ್ಸ್ ಅನ್ನು ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿ ತಯಾರಿಸಲಾಯಿತು ಎಂಬ ಸುಳ್ಳು ಮೊದಲು ಅಚ್ಚಾದದ್ದು 1983ರಲ್ಲಿ ದೆಹಲಿಯ ಪತ್ರಿಕೆಯೊಂದರಲ್ಲಿ. ಅದರ ಹಿಂದೆ ಸೋವಿಯತ್ ಬೇಹುಗಾರರಿದ್ದರು. ಹಾಗೆಂದು ಪ್ರಯೋಗಾಲಯದ ಮೇಲಿನ ಅನುಮಾನವೆಲ್ಲ ಹುಚ್ಚು ಎನ್ನುವಂತಿಲ್ಲ. 1978ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಡುಬು, 2004ರಲ್ಲಿ ಬೀಜಿಂಗ್‌ನಲ್ಲಿ ಸಾರ್ಸ್ ಎಂಬ ಉಸಿರಾಟದ ರೋಗದ ವೈರಾಣು, ಎರಡೂ ಪ್ರಯೋಗಾಲಯಗಳಿಂದ ಹೊರಬಿದ್ದಿದ್ದವು.

ಇಷ್ಟು ಹಿನ್ನೆಲೆಯಿದ್ದ ಜಗತ್ತಿಗೆ 2019ರ ಡಿಸೆಂಬರ್ 31ರಂದು ವುಹಾನ್‌ನ ಅಪರಿಚಿತ ನ್ಯುಮೋನಿಯಾದ ಸುದ್ದಿ ಬಂತು. ಮರುದಿನವೇ ಅಲ್ಲಿನ ಹ್ವಾನಾನ್ ಮಾರುಕಟ್ಟೆಯನ್ನು ಮುಚ್ಚಿ ತೊಳೆಯಲಾಯಿತು. ಮಾದರಿ ಸಂಗ್ರಹಿಸುವವರು ಬಂದಾಗ ಮಾರಾಟಕ್ಕಿದ್ದ ಜೀವಂತ ಕಾಡುಪ್ರಾಣಿಗಳು ಅಲ್ಲಿರಲಿಲ್ಲ. ಮುಂದಿನ ಎಲ್ಲ ಜಗಳದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ಜನವರಿ 30ರಂದು ವುಹಾನ್‌ನಿಂದ ಮರಳಿದ ವಿದ್ಯಾರ್ಥಿನಿಯಲ್ಲಿ ಭಾರತದ ಮೊದಲ ಪ್ರಕರಣ ಕೇರಳದಲ್ಲಿ ಪತ್ತೆಯಾಯಿತು. ಅದರ ಮರುದಿನ ದೆಹಲಿಯ ಸಂಶೋಧಕರ ತಂಡವೊಂದು ಈ ವೈರಾಣುವಿಗೂ ಎಚ್‌ಐವಿಗೂ ವಿಚಿತ್ರ ಹೋಲಿಕೆಯಿದೆ ಎಂಬ ಕರಡು ಪ್ರಬಂಧವನ್ನು ಅಂತರ್ಜಾಲಕ್ಕೆ ಹಾಕಿತು. ಟೀಕೆ ಬಂದ ಕೂಡಲೇ ಹಿಂಪಡೆಯಿತು. ಹಿಂಪಡೆದ ಸುದ್ದಿ ಮಾತ್ರ ನಮ್ಮ ಮೊಬೈಲ್‌ಗಳಿಗೆ ತಲುಪಲಿಲ್ಲ.

ವೈರಾಣು ಬರುವ ಮೊದಲೇ ಅದರ ಮೂಲದ ಊಹೆ ಬೆಳಗಾವಿ ಜಿಲ್ಲೆಗೆ ಬಂದಿತ್ತು. ಚೀನಾದಲ್ಲಿ ಮಾಂಸದ ಮಾರುಕಟ್ಟೆಯಿಂದ ಬಂತಂತೆ ಎಂಬ ಮಾತು, ಕೋಳಿ ತಿಂದರೆ ಕೊರೊನಾ ಎಂಬ ಮಾತಾಗಿ ತಿರುಗಲು ವಾರಗಳೂ ಬೇಕಾಗಲಿಲ್ಲ. ಕೋಳಿಯಿಂದ ಹರಡುವುದಿಲ್ಲ ಎಂದು ಸರ್ಕಾರ ಹೇಳುತ್ತಲೇ ಇತ್ತು. ಆದರೂ ಮಾರ್ಚ್ ಮೊದಲ ಭಾಗದಲ್ಲಿ ಫಾರ್ಮ್‌ಗಳ ಎದುರು ಕೆಜಿಗೆ ಹತ್ತು ರೂಪಾಯಿಗೂ ಕೇಳುವವರಿಲ್ಲದಾಯಿತು. ಗೋಕಾಕ ತಾಲ್ಲೂಕಿನಲ್ಲಿ ಸಾಕಣೆದಾರರೊಬ್ಬರು ಸುಮಾರು 6,000 ಕೋಳಿಗಳನ್ನು ಗುಂಡಿ ತೋಡಿಸಿ ಜೀವಂತವಾಗಿ ಹೂತರು. ಆ ದೃಶ್ಯವನ್ನು ನೋಡಿದವರು ಕೋಳಿಯಲ್ಲಿ ರೋಗವಿದ್ದುದಕ್ಕೇ ಹೂತರು ಎಂದುಕೊಂಡರು. ಅವರು ಹೂತದ್ದು ಮೇವಿನ ಖರ್ಚು ತೂಗಿಸಲಾಗದೆ. ಕೋಳಿಗೆ ಬೇಡಿಕೆ ಬಿದ್ದಾಗ ಕೋಳಿ ಆಹಾರಕ್ಕೆ ಹೋಗುವ ಗೋವಿನಜೋಳದ ದರವೂ ಬಿತ್ತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಗೋವಿನಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ವುಹಾನ್‌ನ ಮಾರುಕಟ್ಟೆಯಲ್ಲಿ ಏನಾಯಿತೆಂದು ಯಾರಿಗೂ ಖಚಿತವಿಲ್ಲದ ಹೊತ್ತಿನಲ್ಲಿ, ಆ ಬಗೆಗಿನ ಒಂದು ಊಹೆ ಇಲ್ಲಿ ಗೋವಿನಜೋಳದ ರೈತನವರೆಗೆ ಬಂದು ಮುಟ್ಟಿತ್ತು.

ಲಾಕ್‌ಡೌನ್ ಶುರುವಾದದ್ದು ಯುಗಾದಿಯಂದು, ಮಾರ್ಚ್ 25ರಂದು. ಸಂತೆಗಳು ನಿಂತವು, ತರಕಾರಿ ವ್ಯಾಪಾರ ಶಾಲಾ ಮೈದಾನಗಳಿಗೆ ಹೋಯಿತು, ಗೋಳಗುಮ್ಮಟದ ಬಾಗಿಲಿಗೆ ಬೀಗ ಬಿತ್ತು. ಬೆಳಗಾವಿಯ ತರಕಾರಿಯನ್ನೇ ನಂಬಿದ್ದ ಗೋವಾದ ದಾರಿಯಲ್ಲಿ ಲಾರಿಗಳು ತಡೆದು ನಿಂತವು. ಬನಹಟ್ಟಿ, ರಬಕವಿಯ ವಿದ್ಯುತ್ ಮಗ್ಗಗಳೂ ಇಳಕಲ್ಲಿನ ಕೈಮಗ್ಗಗಳೂ ನೂಲಿಲ್ಲದೆ, ಕೊಳ್ಳುವವರಿಲ್ಲದೆ ಸುಮ್ಮನಾದವು. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಕಟಾವಿನ ಹಂಗಾಮು. ಹಣ್ಣನ್ನು ದೂರದ ಪೇಟೆಗೆ ಕಳಿಸಲಾಗದವರು ಎಲ್ಲವನ್ನೂ ಒಣದ್ರಾಕ್ಷಿ ಮಾಡಲು ಮುಂದಾದರು. ಅದಕ್ಕೆ ಗೊಂಚಲನ್ನು ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಎರಡು ವಾರ ನೆರಳಲ್ಲಿ ಒಣಗಿಸಬೇಕು. ಎಣ್ಣೆ ಮಾರುವ ಅಂಗಡಿ ಮುಚ್ಚಿತ್ತು, ಕಾಯಿ ಬಿಡಿಸುವ ಆಳುಗಳು ಊರು ದಾಟುವಂತಿರಲಿಲ್ಲ. ಒಣಗಿದ ಮಾಲನ್ನು ಮಾರಬೇಕಾದ ತಾಸಗಾಂವ, ಸಾಂಗ್ಲಿ ಪೇಟೆಗಳು ಗಡಿಯಾಚೆ ಇದ್ದವು.

ಜನ ಮನೆಯೊಳಗಿದ್ದರು, ಕೈಯಲ್ಲಿ ಮೊಬೈಲ್ ಇತ್ತು. ಜಗಲಿಯ ಮೇಲೆ ಕುಳಿತು ಮಾತಾಡುವ ಹಿರಿಯರಿಗೂ ವಾಟ್ಸ್ಆ್ಯಪ್ ಬಂದು ಸೇರಿದ್ದು ಆಗಲೇ. ಜೈವಿಕ ಅಸ್ತ್ರವೆಂದು ಬೆಳಿಗ್ಗೆ ಬಂದ ಸಂದೇಶ, ಬಾವಲಿಯ ಸಾರು ಎಂದು ಮಧ್ಯಾಹ್ನ ಬಂದ ವಿಡಿಯೊ, ಮೊಬೈಲ್ ಗೋಪುರವೇ ಕಾರಣ ಎಂದು ರಾತ್ರಿ ಬಂದ ಧ್ವನಿಮುದ್ರಿಕೆ. ಒಂದನ್ನೊಂದು ಸುಳ್ಳಾಗಿಸುವ ಮೂರನ್ನೂ ಒಂದೇ ಮನೆಯಲ್ಲಿ ನಂಬಿದರು. ಅದರಲ್ಲಿ ಮೂರ್ಖತನಕ್ಕಿಂತ ಹೆಚ್ಚಾಗಿ ಭಯವಿತ್ತು. ಏಪ್ರಿಲ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವಿಜ್ಞಾನಿಗಳು ಕೇರಳ, ತಮಿಳುನಾಡು ಮುಂತಾದೆಡೆಯ ಬಾವಲಿಗಳಲ್ಲಿ ಬೇರೆ ಕೊರೊನಾ ವೈರಾಣುಗಳು ಸಿಕ್ಕವೆಂದು ಪ್ರಕಟಿಸಿದರು. ಅವು ಕೋವಿಡ್‌ನ ವೈರಾಣುವಲ್ಲ, ಮನುಷ್ಯರಿಗೆ ರೋಗ ತರುತ್ತವೆ ಎಂಬುದಕ್ಕೆ ಆಧಾರವಿಲ್ಲ ಎಂಬ ಸಾಲುಗಳು ಹಂಚಿಕೆಯಲ್ಲಿ ಉದುರಿಹೋದವು.

ಏಪ್ರಿಲ್ ಮೊದಲ ವಾರ ಬೆಳಗಾವಿ, ಬಾಗಲಕೋಟೆಗಳಲ್ಲಿ, ತಿಂಗಳ ಮಧ್ಯಭಾಗದ ಹೊತ್ತಿಗೆ ವಿಜಯಪುರದಲ್ಲಿ ಸೋಂಕು ದೃಢಪಟ್ಟಿತು. ಅಲ್ಲಿಂದ ಮೂಲದ ಪ್ರಶ್ನೆ ಚೀನಾ ಬಿಟ್ಟು ನಮ್ಮ ಓಣಿಗೆ ಇಳಿಯಿತು. ಸೋಂಕಿತರಿಗೆ ಹೆಸರಿನ ಬದಲು ಪಿ ಎಂಬ ಅಕ್ಷರ ಮತ್ತು ಒಂದು ಸಂಖ್ಯೆ. ರಾಜ್ಯದ ಸಂಜೆಯ ಪ್ರಕಟಣೆಯಲ್ಲಿ ವಯಸ್ಸು, ಊರು, ಯಾವ ಸಂಖ್ಯೆಯವರಿಂದ ಬಂತು ಎಂಬುದಷ್ಟೇ ಇರುತ್ತಿತ್ತು. ಹೆಸರು ಮುಚ್ಚಿಟ್ಟದ್ದು ಅವರ ರಕ್ಷಣೆಗಾಗಿ. ಆದರೆ ಸಣ್ಣ ಊರಿನಲ್ಲಿ ವಯಸ್ಸು ಮತ್ತು ಬಡಾವಣೆ ಗೊತ್ತಾದರೆ ಹೆಸರು ತಾನಾಗಿ ಗೊತ್ತಾಗುತ್ತದೆ. ಸೀಲ್‌ಡೌನ್ ಆದ ಓಣಿಯವರಿಗೆ ಹಾಲು ಕೊಡಲು ಹಿಂಜರಿದರು. ದೆಹಲಿಯ ಒಂದು ಧಾರ್ಮಿಕ ಸಮಾವೇಶಕ್ಕೆ ಹೋಗಿಬಂದ ಕೆಲವರಲ್ಲಿ ಸೋಂಕು ಕಂಡ ಮೇಲೆ, ಅಲ್ಲಿಗೆ ಹೋಗದ, ಹೋದವರ ಮುಖವನ್ನೂ ನೋಡಿರದ ಹಣ್ಣಿನ ಗಾಡಿಯವರ ಹೆಸರು ಕೇಳಿ ವ್ಯಾಪಾರ ಮಾಡುವ ರೂಢಿ ಬಂತು. ಶತಮಾನಗಳಿಂದ ಒಂದೇ ಪೇಟೆಯಲ್ಲಿ ಕೊಟ್ಟು ತೆಗೆದುಕೊಂಡು ಬಂದ ಊರಿನಲ್ಲಿ ಇದು ನಡೆಯಿತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಮೇ ತಿಂಗಳಲ್ಲಿ ಸರದಿ ಬದಲಾಯಿತು. ಪುಣೆ, ಮುಂಬೈ, ರತ್ನಾಗಿರಿ, ಗೋವಾಗಳಲ್ಲಿ ಕಟ್ಟಡ ಕಟ್ಟುತ್ತ, ರಸ್ತೆ ಹಾಕುತ್ತ ಇದ್ದ ನಮ್ಮವರೇ ವಾಪಸಾಗತೊಡಗಿದರು. ನಿಪ್ಪಾಣಿಯಾಚೆಯ ಕೊಗನೊಳ್ಳಿ, ಭೀಮಾ ದಂಡೆಯ ಧೂಳಖೇಡ ತನಿಖಾ ಠಾಣೆಗಳಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ನಿಂತರು. ಮೇ 18ರಂದು ಮಹಾರಾಷ್ಟ್ರ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂಬ ಆದೇಶ ಬಂತು. ಒಳಗೆ ಬಂದವರು ಶಾಲೆ, ವಸತಿ ನಿಲಯಗಳಲ್ಲಿ ಕ್ವಾರಂಟೈನ್ ಆದರು. ಪತ್ರಿಕೆಗಳು ದಿನವೂ ಮುಂಬೈ ನಂಟು ಎಂದು ಬರೆದವು. ಬರಗಾಲದಲ್ಲಿ ಊರಿಗೆ ಹಣ ಕಳಿಸಿದ ಜನ ಊರಿಗೆ ರೋಗ ತಂದವರಾದರು.

ಈ ಬೇಸಿಗೆಯ ಒಂದು ಸಂಗತಿಯನ್ನು ಎತ್ತಿ ಹೇಳಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕೇಳಿದರು, ಪೊಲೀಸರು ಕರೆಗಳ ದಾಖಲೆ ನೋಡಿದರು, ಅಧಿಕಾರಿಗಳು ಪ್ರತಿ ಸೋಂಕಿತರ ಓಡಾಟದ ಪಟ್ಟಿ ಮಾಡಿದರು. ಆದರೂ ಪ್ರಕಟಣೆಯಲ್ಲಿ ಮತ್ತೆ ಮತ್ತೆ ಕಂಡ ಸಾಲು ‘ಸಂಪರ್ಕ ಪತ್ತೆ ಹಚ್ಚಲಾಗುತ್ತಿದೆ’ ಎಂಬುದು. ಲಕ್ಷಣವಿಲ್ಲದೆ ಹರಡುವ ರೋಗದಲ್ಲಿ ಒಂದು ತಾಲ್ಲೂಕಿನೊಳಗೇ ಮೊದಲ ಕೊಂಡಿ ಹೀಗೆ ತಪ್ಪಿಹೋಗುತ್ತಿತ್ತು. ಒಂದು ಕೋಟಿಗೂ ಹೆಚ್ಚು ಜನರ ವುಹಾನ್‌ನಲ್ಲಿ, ದಾಖಲೆಗಳು ಮುಚ್ಚಿದ ಸ್ಥಿತಿಯಲ್ಲಿ, ಅದು ಇನ್ನೆಷ್ಟು ಕಷ್ಟ ಎಂಬುದು ಇದನ್ನು ಕಂಡವರಿಗೆ ಅರ್ಥವಾಗಬೇಕು.

ವಿಜ್ಞಾನದ ಕಡೆಯ ಕಥೆ ಇನ್ನೂ ನಿಧಾನದ್ದು. 2020ರ ಮಾರ್ಚ್‌ನಲ್ಲಿ ಐವರು ವಿಜ್ಞಾನಿಗಳು ವೈರಾಣು ಕೃತಕವಲ್ಲ ಎಂದು ಬರೆದ ಲೇಖನ ಬಹುಕಾಲ ಕೊನೆಯ ಮಾತಿನಂತಿತ್ತು. ಅವರಲ್ಲೇ ಆರಂಭದಲ್ಲಿ ಅನುಮಾನಗಳಿದ್ದವು ಎಂದು 2023ರಲ್ಲಿ ಹೊರಬಂದ ಖಾಸಗಿ ಸಂದೇಶಗಳಿಂದ ತಿಳಿಯಿತು. ಚೀನಾದ ಯುನ್ನಾನ್ ಪ್ರಾಂತ್ಯದ ಮೋಜಿಯಾಂಗ್ ಗಣಿಯಲ್ಲಿ 2012ರಲ್ಲಿ ಬಾವಲಿ ಹಿಕ್ಕೆ ಬಾಚಿ ತೆಗೆದ ಆರು ಕಾರ್ಮಿಕರು ಕಾಯಿಲೆಬಿದ್ದು ಮೂವರು ಸತ್ತಿದ್ದರು. ಅದೇ ಗಣಿಯಿಂದ 2013ರಲ್ಲಿ ವುಹಾನ್‌ನ ಪ್ರಯೋಗಾಲಯಕ್ಕೆ ತಂದ ಬಾವಲಿ ವೈರಾಣು ಕೋವಿಡ್ ವೈರಾಣುವಿಗೆ ಶೇ 96ರಷ್ಟು ಹೋಲುತ್ತಿತ್ತು. ಈ ನಂಟಿನ ಕಡೆ ಗಮನ ಸೆಳೆದವರಲ್ಲಿ ಪುಣೆಯ ವಿಜ್ಞಾನಿ ದಂಪತಿ ಮೊನಾಲಿ ರಹಾಲ್ಕರ್ ಮತ್ತು ರಾಹುಲ್ ಬಹುಳೀಕರ್ ಇದ್ದರು. ಉಳಿದ ಶೇ 4 ಸಣ್ಣದೆಂದು ಕಾಣಬಹುದು. ಆದರೆ ಅಷ್ಟು ಅಂತರ ಬರಲು ನಿಸರ್ಗದಲ್ಲಿ ದಶಕಗಳೇ ಬೇಕು. ನಂತರ ಲಾವೋಸ್‌ನ ಬಾವಲಿಗಳಲ್ಲಿ ಇನ್ನೂ ಹತ್ತಿರದ ವೈರಾಣು ಸಿಕ್ಕಿತು.

2021ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಚೀನಾದ ಜಂಟಿ ತಂಡ ಪ್ರಯೋಗಾಲಯದ ಸಾಧ್ಯತೆಯನ್ನು ಬಹುತೇಕ ತಳ್ಳಿಹಾಕಿತು. ಸಂಸ್ಥೆಯ ಮುಖ್ಯಸ್ಥರೇ ಅಂದು ಎಲ್ಲ ಸಾಧ್ಯತೆಗಳೂ ತೆರೆದಿವೆ ಎಂದರು. ಆ ಹೊತ್ತಿಗೆ ಎರಡನೇ ಅಲೆ ನಮ್ಮ ಮೇಲೆ ಬಿದ್ದಿತ್ತು. ಆ ಅಲೆಯ ವೈರಾಣುವನ್ನು ಹೊರದೇಶದ ಪತ್ರಿಕೆಗಳು ಭಾರತೀಯ ತಳಿ ಎಂದಾಗ ನಮ್ಮ ಸರ್ಕಾರ ಆಕ್ಷೇಪಿಸಿತು, ಮೇ 31ರಂದು ಅದಕ್ಕೆ ಡೆಲ್ಟಾ ಎಂಬ ಹೆಸರು ಬಂತು. ಆಕ್ಷೇಪ ನ್ಯಾಯವಾದದ್ದೇ. ಚೀನೀ ವೈರಸ್ ಎಂದು ವರ್ಷವಿಡೀ ಹೇಳಿದ ಬಾಯಿಗಳಿಗೆ ಅದರ ನೋವು ಆಗ ತಿಳಿದಿರಬೇಕು.

2022ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳ ಪ್ರಕಾರ ಗೊತ್ತಿರುವ ಮೊದಲ ಪ್ರಕರಣಗಳು ಹ್ವಾನಾನ್ ಮಾರುಕಟ್ಟೆಯ ಸುತ್ತ ಗುಂಪುಗೂಡಿದ್ದವು, ಕಾಡುಪ್ರಾಣಿ ಮಾರುತ್ತಿದ್ದ ಮೂಲೆಯಲ್ಲೇ ವೈರಾಣುವಿನ ಕುರುಹು ದಟ್ಟವಾಗಿತ್ತು. 2023ರಲ್ಲಿ ಅಲ್ಲಿನ ಮಾದರಿಗಳಲ್ಲಿ ರಕೂನ್ ನಾಯಿಯ ಡಿಎನ್‌ಎ ಕಂಡಿತು. ಆ ದತ್ತಾಂಶ ಸ್ವಲ್ಪ ಕಾಲ ಅಂತರ್ಜಾಲದಲ್ಲಿ ಕಾಣಿಸಿ ಮತ್ತೆ ಮರೆಯಾಯಿತು. ಆದರೆ ಸೋಂಕು ತಗಲಿದ ಒಂದೇ ಒಂದು ಪ್ರಾಣಿಯೂ ಸಿಕ್ಕಿಲ್ಲ. ಇತ್ತ ಅಮೆರಿಕದ ಎಫ್‌ಬಿಐ, ಇಂಧನ ಇಲಾಖೆ, 2025ರ ಜನವರಿಯಲ್ಲಿ ಸಿಐಎ ಪ್ರಯೋಗಾಲಯದ ಕಡೆ ವಾಲಿದವು. ಕೊನೆಯ ಎರಡೂ ತಮ್ಮ ವಿಶ್ವಾಸದ ಮಟ್ಟ ಕಡಿಮೆ ಎಂದು ತಾವೇ ಹೇಳಿಕೊಂಡವು. ಲಭ್ಯ ಪುರಾವೆಯ ತೂಕ ಮಾರುಕಟ್ಟೆಯ ಕಡೆಗಿದೆ ಎಂದು ನನ್ನ ಓದು ಹೇಳುತ್ತದೆ. ಅದು ತೀರ್ಪು ಕೊಡುವಷ್ಟು ತೂಕವಲ್ಲ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಚಿಸಿದ ಹೊಸ ತಜ್ಞರ ಸಮಿತಿಯಲ್ಲಿ ಲಾಕ್‌ಡೌನ್ ದಿನಗಳಲ್ಲಿ ದೂರದರ್ಶನದಲ್ಲಿ ಸಂಜೆ ಸಂಜೆ ಕಾಣುತ್ತಿದ್ದ ಡಾ. ರಾಮನ್ ಗಂಗಾಖೇಡ್ಕರ್ ಅವರೂ ಸದಸ್ಯರಾದರು. ಸಮಿತಿಯ ವರದಿ 2025ರ ಜೂನ್ 27ರಂದು ಹೊರಬಂತು. ಪ್ರಾಣಿಗಳಿಂದ ಬಂದಿರುವ ಸಾಧ್ಯತೆಗೆ ಹೆಚ್ಚಿನ ಆಧಾರವಿದೆ, ಆದರೆ ಯಾವ ಸಾಧ್ಯತೆಯನ್ನೂ ಕೈಬಿಡಲಾಗದು ಎಂದು ಅದು ಹೇಳಿತು. ಆರಂಭದ ರೋಗಿಗಳಿಂದ ಪಡೆದ ನೂರಾರು ಜನುಕ ಅನುಕ್ರಮಗಳು, ವುಹಾನ್‌ನ ಮಾರುಕಟ್ಟೆಗಳಲ್ಲಿ ಮಾರಾಟವಾದ ಪ್ರಾಣಿಗಳ ವಿವರ, ಅಲ್ಲಿನ ಪ್ರಯೋಗಾಲಯಗಳಲ್ಲಿ ನಡೆದ ಕೆಲಸ ಮತ್ತು ಸುರಕ್ಷತೆಯ ಮಾಹಿತಿ, ಈ ಮೂರನ್ನು ಚೀನಾದಿಂದ ಕೇಳಲಾಗಿತ್ತು. ವರದಿ ಬರುವ ಹೊತ್ತಿಗೂ ಅವು ಸಮಿತಿಯ ಕೈ ಸೇರಿರಲಿಲ್ಲ.